ಕಟ್ಟಡ ಬೀಳೋದು ಯಾವಾಗ?

ಕಾಲೇಜು ಬಿಟ್ಟ ನಾಲ್ಕನೇ ತಿಂಗಳಿಗೆ ಅವನು ತನಗೆ ತಾನೇ ಒಂದು ಗುರುತಿನ ಚೀಟಿ ಮಾಡಿಕೊಂಡ. ಎಡಕ್ಕೆ ಫೋಟೋ, ಬಲಕ್ಕೆ ಹೆಸರು, ಕೆಳಗೆ ‘ಸಂಸ್ಥಾಪಕ ಮತ್ತು ಮುಖ್ಯ ವಿನ್ಯಾಸಕ’ ಎಂಬ ಒಕ್ಕಣೆ. ಸಂಸ್ಥೆಯಲ್ಲಿ ಇದ್ದವನು ಅವನೊಬ್ಬನೇ ಆದ್ದರಿಂದ ಎರಡೂ ಹುದ್ದೆಗಳ ಭಾರವನ್ನು ಅವನೇ ಹೊರಬೇಕಾಗಿತ್ತು. ಸಂಸ್ಥೆ ಇದ್ದದ್ದು ಎರಡನೇ ಮಹಡಿಯ ಬಾಡಿಗೆ ಮನೆಯ ಒಳಕೋಣೆಯಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೂ ಇಸ್ತ್ರಿ ಮೇಜಿಗೂ ನಡುವೆ. ಬೆಳಿಗ್ಗೆ ಒಂಬತ್ತೂವರೆಗೆ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಅಡುಗೆಮನೆಯಿಂದ ಒಳಕೋಣೆಗೆ ನಡೆದರೆ ಆಫೀಸಿಗೆ ಹೋದ ಹಾಗೆ. ಒಂದು ಗಂಟೆಗೆ ಅದೇ ದಾರಿಯಲ್ಲಿ ವಾಪಸು ಬಂದರೆ ಊಟಕ್ಕೆ ಬಂದ ಹಾಗೆ.

ನಾವೂ ಅವನನ್ನು ಸಂಸ್ಥಾಪಕ ಎಂದೇ ಕರೆಯೋಣ. ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ.

ಚೀಟಿಗೆ ನೀಲಿ ಪಟ್ಟಿ ಹೊಲಿದು ಕೊಟ್ಟವರು ಟೈಲರ್ ಅತ್ತೆ. ಅವರು ಯಾರಿಗೂ ಸ್ವಂತ ಅತ್ತೆಯಲ್ಲ, ಇಡೀ ಕಟ್ಟಡಕ್ಕೆ ಅತ್ತೆ. ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗೆ, ಒಂದು ಮೂಲೆಯಲ್ಲಿ ನೆಟ್ಟಗೆ ನಿಂತರೆ ತಲೆ ಬಡಿಯುವಂಥ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರ ಅಂಗಡಿ, ಮನೆ ಎರಡೂ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಗಲು, ಅದರ ಕೆಳಗೆ ಸುತ್ತಿಟ್ಟ ಹಾಸಿಗೆ.

“ಏನಕ್ಕೋ ಇದು?” ಎಂದಿದ್ದರು ಅತ್ತೆ, ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು.

“ಆಫೀಸಿಗೆ ಅತ್ತೆ.”

“ನಿನ್ನ ಆಫೀಸು ಇಸ್ತ್ರಿ ಮೇಜಿನ ಪಕ್ಕ ತಾನೆ? ದಾರೀಲಿ ಕಳೆದುಹೋಗ್ತೀನಿ ಅಂತ ಭಯಾನಾ?”

ಹಾಗೆ ಹೇಳಿದರೂ ಶಾಲೆಯ ಸಮವಸ್ತ್ರದಲ್ಲಿ ಉಳಿದ ನೀಲಿ ಬಟ್ಟೆ ಹುಡುಕಿ, ಎರಡು ಸಾಲು ಹೊಲಿಗೆ ಹಾಕಿ, ತುದಿಗೆ ಕೊಕ್ಕೆ ಕೂರಿಸಿ ಕೊಟ್ಟರು. ಅಂಥ ಅಚ್ಚುಕಟ್ಟಾದ ಪಟ್ಟಿ ಊರಿನ ಯಾವ ದೊಡ್ಡ ಕಛೇರಿಯ ನೌಕರನ ಕೊರಳಲ್ಲೂ ಇರಲಿಲ್ಲ. ಎಲ್ಲ ಅನಾಹುತಕ್ಕೂ ಆ ಅಚ್ಚುಕಟ್ಟೇ ಮೂಲ ಎಂದು ಈಗ ಅನಿಸುತ್ತದೆ.

ಅವನು ಬಿಟ್ಟದ್ದು ಕಟ್ಟಡ ಕಟ್ಟುವ ಇಂಜಿನಿಯರಿಂಗು, ಅದೂ ಎರಡನೇ ವರ್ಷದ ಮಧ್ಯದಲ್ಲಿ. ಹಿಡಿದದ್ದು ಕಂಪ್ಯೂಟರ್ ಗೇಮ್ ಮಾಡುವ ವಿದ್ಯೆ. ಗುರುವಿಲ್ಲ, ತರಗತಿಯಿಲ್ಲ. ಯಾರ್‍ಯಾರೋ ಹಾಕಿದ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತದ್ದು. ಮೊದಲ ತಿಂಗಳು ಅವನ ಆಟದ ಮನುಷ್ಯ ನಿಂತಲ್ಲೇ ನೆಲದೊಳಗೆ ಬಿದ್ದುಹೋಗುತ್ತಿದ್ದ. ಎರಡನೇ ತಿಂಗಳು ನಿಂತ, ಆದರೆ ಮೊಣಕಾಲು ಹಿಂದಕ್ಕೆ ಮಡಚುತ್ತಿತ್ತು. ಮೂರನೇ ತಿಂಗಳು ಅವನ ನೆರಳು ಅವನಿಗಿಂತ ಮುಂಚೆ ಮನೆ ಸೇರುತ್ತಿತ್ತು. ಅಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, “ಒಂದು ವರ್ಷ ಕೊಡ್ತೀನಿ. ಆಮೇಲೆ ನಿನ್ನ ಮೊಣಕಾಲು ನಾನೇ ಸರಿ ಮಾಡ್ತೀನಿ” ಎಂದಿದ್ದರು. ಮಗ ಕಾಲೇಜು ಬಿಟ್ಟ ಎಂದು ನಾಲ್ಕು ಜನರ ಮುಂದೆ ಹೇಳಲಾಗದೆ, “ಓದು ಮುಗಿಯೋ ಮುಂಚೇನೇ ಕೆಲಸ ಸಿಕ್ತು. ಕಟ್ಟಡಕ್ಕೆ ಸಂಬಂಧಪಟ್ಟಿದ್ದೇ” ಎಂದು ಹೇಳಿಕೊಂಡು ತಿರುಗಿದರು.

ಅಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಟ ಇದ್ದದ್ದು ಒಂದು ಕಟ್ಟಡದ ಬಗ್ಗೆಯೇ. ಬೀಳಲಿರುವ ಹಳೇ ಕಟ್ಟಡ. ಆಡುವವರು ಒಂದೊಂದೇ ಬಾಗಿಲು ತಟ್ಟಿ ಒಳಗಿದ್ದವರನ್ನೆಲ್ಲ ಹೊರಗೆ ಕರೆತರಬೇಕು. ಎಲ್ಲರೂ ಬೀದಿಗೆ ಬಂದ ಮೇಲೆ ಕಟ್ಟಡ ಕುಸಿಯುತ್ತದೆ, ಆಟ ಮುಗಿಯುತ್ತದೆ. ಮಾದರಿಗೆ ಬೇರೆ ಕಟ್ಟಡ ಎಲ್ಲಿ ಹುಡುಕಲಿ ಎಂದು ಸಂಸ್ಥಾಪಕ ತಾನಿದ್ದ ಕಟ್ಟಡವನ್ನೇ ಆಟದೊಳಕ್ಕೆ ಇಳಿಸತೊಡಗಿದ. ಗೋಡೆಯ ಬಿರುಕುಗಳ ಫೋಟೋ ತೆಗೆದ. ನೀರಿನ ಕೊಳವೆಗೆ ಕಿವಿಗೊಟ್ಟು ಸದ್ದು ಹಿಡಿದ. ಟೈಲರ್ ಅತ್ತೆಯ ಬಾಗಿಲನ್ನಂತೂ ಹನ್ನೊಂದು ಸಲ ತೆಗೆಸಿ ಹಾಕಿಸಿದ. ಆ ಬಾಗಿಲು ಮೊದಲು ಗೊಣಗಿ, ನಡುವೆ ತಡೆದು, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ಕಿರುಗುಟ್ಟುತ್ತಿತ್ತು.

“ಇನ್ನೊಂದ್ಸಲ ಅತ್ತೆ. ನಿಧಾನಕ್ಕೆ.”

“ಇಷ್ಟು ಸಲ ಗಿರಾಕಿಗಳಿಗೂ ತೆಗ್ದಿಲ್ಲ ಕಣೋ. ಎಣ್ಣೆ ಬಿಡ್ಬೇಕು ಅನ್ಕೊಂಡೇ ಹತ್ತು ವರ್ಷ ಆಯ್ತು.”

“ಅಯ್ಯೋ, ಬಿಡ್ಬೇಡಿ!”

“ನಾನೂ ಇದೀನಾ ನಿನ್ನ ಆಟದಲ್ಲಿ?”

“ಮೊದಲನೇ ಬಾಗಿಲೇ ನಿಮ್ದು.”

“ತೋರ್ಸು ಮತ್ತೆ.”

“ಮುಗೀಲಿ ಅತ್ತೆ. ಮುಗಿದ ತಕ್ಷಣ ನಿಮಗೇ ಮೊದಲು.”

ಆಟದ ಮನುಷ್ಯ ಮೆಟ್ಟಿಲು ಹತ್ತುವಾಗ ಅವನ ಪಾದ ಮೆಟ್ಟಿಲೊಳಗೆ ಹೂತುಹೋಗುತ್ತಿತ್ತು. ಅದಕ್ಕಾಗಿ ಒಂದು ಬೆಳಿಗ್ಗೆ ಸಂಸ್ಥಾಪಕ ಅತ್ತೆಯ ಟೇಪು ತಂದು, ಕೊರಳಲ್ಲಿ ಚೀಟಿ ತೂಗಿಸಿಕೊಂಡು, ಮೊಣಕಾಲೂರಿ ಒಂದೊಂದೇ ಮೆಟ್ಟಿಲು ಅಳೆಯುತ್ತಿದ್ದಾಗ ಮೊದಲನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಹಾಲು ಹಿಡಿದುಕೊಂಡು ಬಂದರು. ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲು ಅವರದು.

“ಏನಪ್ಪಾ ಇದು?”

“ಮೆಟ್ಟಿಲು ಸಾರ್. ಎಲ್ಲಾ ಹದಿನೇಳು ಸೆಂಟಿಮೀಟರು. ಒಂಬತ್ತನೇದು ಮಾತ್ರ ಹತ್ತೊಂಬತ್ತು.”

“ಅಂದ್ರೆ?”

“ಅಂದ್ರೆ ಅಲ್ಲಿ ಎಡವುತ್ತಾರೆ.”

ಮೇಷ್ಟ್ರು ಇಪ್ಪತ್ತು ವರ್ಷದಿಂದ ಅದೇ ಮೆಟ್ಟಿಲಲ್ಲಿ ಎಡವುತ್ತಿದ್ದರು. ವಯಸ್ಸಿನ ದೋಷ ಎಂದುಕೊಂಡಿದ್ದರು. ಅವರಿಗೆ ಹುಡುಗನ ಮೇಲೆ ಗೌರವ ಹುಟ್ಟಿತು. ನೀಲಿ ಪಟ್ಟಿಯ ಮೇಲೆ ಕಣ್ಣು ಬಿತ್ತು.

“ಯಾವ ಕೆಲಸಕ್ಕೆ ಇದೆಲ್ಲ?”

ಇಲ್ಲಿ ಒಂದು ಮಾತು ಹೇಳಬೇಕು. ನಾಲ್ಕು ತಿಂಗಳಲ್ಲಿ ಸಂಸ್ಥಾಪಕನನ್ನು ಅವನ ಆಟದ ಬಗ್ಗೆ ಯಾರೂ ಕೇಳಿರಲಿಲ್ಲ. ಕೇಳಿದವರು “ಊಟ ಆಯ್ತಾ” ಎಂದು ಮಾತ್ರ ಕೇಳಿದ್ದರು. ಮೇಷ್ಟ್ರು ಆಟವನ್ನೇ ಕೇಳುತ್ತಿದ್ದಾರೆ ಎಂದು ಅವನ ಎದೆ ತುಂಬಿಬಂತು.

“ಇನ್ನೂ ಗುಟ್ಟು ಸಾರ್. ಆದ್ರೆ ನಿಮಗೆ ಹೇಳ್ತೀನಿ. ಈ ಕಟ್ಟಡದ್ದೇ. ಮೂಲೆಮೂಲೇನೂ ಅಳತೆ ತಗೊಂಡಿದೀನಿ. ಎಲ್ಲರನ್ನೂ ಹೊರಗೆ ಕರ್ಕೊಂಡ್ ಬರೋದು. ಆಮೇಲೆ ಬೀಳ್ಸೋದು.”

“ಬೀಳ್ಸೋದು!”

“ಪೂರ್ತಿ. ಧೂಳು ಸಮೇತ. ಧೂಳಿಗೇ ಎರಡು ವಾರ ಬೇಕು ಸಾರ್.”

ಮೇಷ್ಟ್ರು ಹಾಲನ್ನು ಮೆಟ್ಟಿಲ ಮೇಲಿಟ್ಟರು. “ಯಾವಾಗ?”

“ಮಾರ್ಚ್ ಒಳಗೆ ಮುಗೀಬೇಕು ಅಂತ ಇದೆ. ಸ್ವಲ್ಪ ಹಿಂದೆ ಮುಂದೆ ಆಗ್ಬಹುದು, ಸಿಬ್ಬಂದಿ ಕಮ್ಮಿ.”

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಏಳೂ ಮನೆಗಳಿಗೆ ಗೊತ್ತಾಗಿತ್ತು: ಎರಡನೇ ಮಹಡಿಯ ಹುಡುಗ ನಗರಸಭೆ ಕಛೇರಿಯವನು, ಗುಟ್ಟಾಗಿ ತನಿಖೆ ಮಾಡುತ್ತಿದ್ದಾನೆ, ಅವನು ಚೆನ್ನಾಗಿದೆ ಎಂದು ಬರೆದರೆ ಕಟ್ಟಡ ಉಳಿಯುತ್ತದೆ, ಬರೆಯದಿದ್ದರೆ ಹೋಗುತ್ತದೆ. “ಅದಕ್ಕೇ ಯಾವಾಗಲೂ ಬಾಗಿಲು ಹಾಕ್ಕೊಂಡು ಕೂತಿರ್ತಾನೆ” ಎಂದು ಎದುರುಮನೆಯಾಕೆ ಹಿಂದಿನದನ್ನೆಲ್ಲ ಅರ್ಥಮಾಡಿಕೊಂಡರು. ಸಂಸ್ಥಾಪಕ ಮೆಟ್ಟಿಲಿಳಿದರೆ ಎದುರಿಗೆ ಬಂದವರು ಗೋಡೆಗೆ ಒರಗಿ ದಾರಿ ಬಿಡತೊಡಗಿದರು. ಆಟದ ಸುದ್ದಿ ಹಬ್ಬಿದೆ, ಜನ ಕಲಾವಿದನನ್ನು ಗುರುತಿಸುತ್ತಿದ್ದಾರೆ ಎಂದುಕೊಂಡು ಅವನು ಎಲ್ಲರಿಗೂ ಗಂಭೀರವಾಗಿ ತಲೆಯಾಡಿಸಿದ.

ಮೂರನೇ ದಿನ ಮೇಲ್ಮಹಡಿಯಿಂದ ಓನರ್ ಹೇಳಿ ಕಳಿಸಿದರು. ಬಾಡಿಗೆ ತಡವಾದರೆ ಮೆಟ್ಟಿಲಲ್ಲಿ ನಿಂತು ಕೆಮ್ಮುತ್ತಿದ್ದ ಮನುಷ್ಯ, ಅವತ್ತು ತಾವೇ ಕುರ್ಚಿ ಎಳೆದುಕೊಟ್ಟರು.

“ಕೂತ್ಕೊಳ್ಳಿ ಸಾರ್. ಕಾಫಿಗೆ ಸಕ್ಕರೆ ಎಷ್ಟು?”

ಸಾರ್! ಸಂಸ್ಥಾಪಕ ಹಿಂದಕ್ಕೆ ತಿರುಗಿ ನೋಡಿದ. ಅಲ್ಲಿ ಕ್ಯಾಲೆಂಡರ್ ಮಾತ್ರ ಇತ್ತು.

“ನಿಮ್ಮ ಕೆಲಸಕ್ಕೆ ನಾನು ಅಡ್ಡ ಬರಲ್ಲ” ಎಂದರು ಓನರ್. “ಒಂದೇ ಒಂದು ಕೇಳ್ತೀನಿ. ಆ ಮೆಟ್ಟಿಲ ಕೆಳಗಿನ ಕೋಣೆ… ಅದೂ ಬರುತ್ತಾ ನಿಮ್ಮದ್ರಲ್ಲಿ?”

“ಅದೇ ಮುಖ್ಯ ಸಾರ್!” ಸಂಸ್ಥಾಪಕನ ಕಣ್ಣು ಅರಳಿತು. “ಎಲ್ಲಾ ಅಲ್ಲಿಂದಾನೇ ಶುರು. ಮೊದಲ ಬಿರುಕು ಬಿಡೋದೇ ಅಲ್ಲಿ.”

ಓನರ್ ಮುಖ ಸುಣ್ಣವಾಯಿತು. “ಆ ಕೋಣೆ ನಕ್ಷೇಲಿಲ್ಲ ಅಂತ ನಿಮಗೆ ಯಾರು ಹೇಳಿದ್ರು? ನೋಡಿ, ಅದನ್ನ ಖಾಲಿ ಮಾಡಿಸಿಬಿಟ್ರೆ ಕಛೇರಿಗೆ ಏನಂತ ಬರೀತೀರಿ?”

ಕಛೇರಿ ಎಂಬ ಮಾತು ಕೇಳಿದಾಗ ಸಂಸ್ಥಾಪಕನ ತಲೆಯಲ್ಲಿ ಮೂರು ದಿನದ ಸಂಗತಿಗಳೆಲ್ಲ ಒಂದರ ಹಿಂದೊಂದು ಸಾಲಾಗಿ ನಿಂತವು. ಗೋಡೆಗೆ ಒರಗಿದವರು, ದಾರಿ ಬಿಟ್ಟವರು, ಈ ಕಾಫಿ. ಅವನಿಗೆ ಎಲ್ಲ ಅರ್ಥವಾಯಿತು. ‘ನಾನು ಗೇಮ್ ಮಾಡುವವನು’ ಎಂದು ಹೇಳಲು ಮೂರೇ ಪದ ಸಾಕಿತ್ತು. ಅವನು ಬಾಯಿ ತೆರೆದ.

“ಎರಡು ಚಮಚ” ಎಂದ.

ನಾಳೆ ಹೇಳೋಣ ಎಂದುಕೊಂಡು ಕೆಳಗಿಳಿದ. ಮನೆಗೆ ಬಂದರೆ ಅಮ್ಮ ಹೊಸ ಸೀರೆ ಉಟ್ಟು, ಕೆಲಸವಿಲ್ಲದೆ ಎರಡು ಸಲ ಅಂಗಡಿಗೆ ಹೋಗಿಬಂದಿದ್ದರು. ಹೋಗಿಬರುವಾಗ ಎಲ್ಲರೂ ಮಾತಾಡಿಸಿದ್ದರು. ಅಮ್ಮ ಬಾಗಿಲು ಹಾಕಿ, ದನಿ ತಗ್ಗಿಸಿ, “ನಿಜ ಹೇಳು ಮರಿ. ನೀನು ಒಳಗೆ ಕೂತು ಮಾಡ್ತಿರೋದು ಆಟಾನೇನಾ?” ಎಂದರು. ಅದರಲ್ಲಿ ಸಂಶಯಕ್ಕಿಂತ ಆಸೆಯೇ ಜಾಸ್ತಿ ಇತ್ತು. ಸಂಸ್ಥಾಪಕ ಅದಕ್ಕೂ ನಾಳೆ ಉತ್ತರ ಕೊಡುವುದೆಂದು ತೀರ್ಮಾನಿಸಿದ.

ನಾಳೆಗಳು ಸಾಲಾಗಿ ಬಂದವು. ಮೊದಲ ನಾಳೆ ಗಾರೆಯವರು ಬಂದು ಬಿರುಕುಗಳನ್ನೆಲ್ಲ ಮೆತ್ತಿದರು. ಎರಡನೇ ನಾಳೆ ಬಣ್ಣದವರು ಬಂದರು. ಒಂಬತ್ತನೇ ಮೆಟ್ಟಿಲನ್ನು ಮೇಷ್ಟ್ರು ನಿಂತು ಕೆತ್ತಿಸಿ ಹದಿನೇಳು ಸೆಂಟಿಮೀಟರಿಗೆ ಇಳಿಸಿದರು, ಅಭ್ಯಾಸ ತಪ್ಪಿ ಅಲ್ಲೇ ಬಿದ್ದರು. ಸಂಸ್ಥಾಪಕನಿಗೆ ಅಷ್ಟು ಹೊತ್ತೂ ಇದ್ದ ಚಿಂತೆ ಒಂದೇ: ನೀರಿನ ಕಲೆಯ ಫೋಟೋ ಇನ್ನೊಂದು ಬೇಕಾಗಿತ್ತಲ್ಲ.

ನಾಲ್ಕನೇ ನಾಳೆ ಬೆಳಿಗ್ಗೆ ಕೆಳಗಿಳಿದರೆ ಬಾಗಿಲ ಮುಂದೆ ಕೈಗಾಡಿ ನಿಂತಿತ್ತು. ಅದರ ಮೇಲೆ ಸುತ್ತಿದ ಹಾಸಿಗೆ, ಕತ್ತರಿಸುವ ಮೇಜು, ಬಟ್ಟೆ ತುಂಡುಗಳ ಗಂಟು.

“ಬಂದೆಯಾ? ಇದೊಂದು ತುದಿ ಹಿಡ್ಕೋ” ಎಂದರು ಅತ್ತೆ. ಹೊಲಿಗೆ ಯಂತ್ರ ತೋರಿಸಿದರು.

ಅವನು ಹಿಡಿದ. ಚೀಟಿ ಯಂತ್ರದ ಚಕ್ರಕ್ಕೆ ಸಿಕ್ಕಿಕೊಂಡಿತು. ಅತ್ತೆಯೇ ಬಿಡಿಸಿ, ಪಟ್ಟಿಯ ಹೊಲಿಗೆ ಬಿಟ್ಟಿದೆಯೇನೋ ಎಂದು ಬೆರಳಾಡಿಸಿ ನೋಡಿದರು.

“ಓನರಿಗೆ ಹೇಳ್ದೆ ಕಣೋ. ಆ ಹುಡುಗ ಯಾವ ಕಛೇರಿಯವನೂ ಅಲ್ಲ, ಆಟ ಮಾಡ್ತಾನೆ, ಈ ಪಟ್ಟಿ ನಾನೇ ಹೊಲ್ದು ಕೊಟ್ಟಿದ್ದು ಅಂದೆ. ನಂಬಲಿಲ್ಲ. ಕೋಣೆ ಉಳಿಸ್ಕೊಳ್ಳೋಕೆ ಕಥೆ ಹೇಳ್ತೀಯಾ ಅಂದ್ರು.” ಅತ್ತೆ ಟೇಪನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ನೀನು ಹೇಳಿದ್ರೆ ನಂಬ್ತಿದ್ರೇನೋ.”

“ಇವತ್ತು ಸಂಜೆ ಹೇಳ್ತೀನಿ ಅತ್ತೆ. ತಾರಸಿ ಮೇಲೆ ಎಲ್ಲಾ ಮನೆಯವರ ಸಭೆ ಇದೆ. ಎಲ್ಲರ ಮುಂದೇನೇ ಹೇಳ್ತೀನಿ.”

“ಹೇಳು” ಎಂದರು ಅತ್ತೆ. ಗಾಡಿ ಹೊರಟಿತು.

ಸಂಜೆ ಅವನು ಹೇಳಿದ. ಅದಕ್ಕೆ ಏಳು ಮನೆಯ ಜನ ಸಾಕ್ಷಿ. ಎದ್ದು ನಿಂತು, ಚೀಟಿ ಕಳಚಿ ಕೈಯಲ್ಲಿ ಹಿಡಿದು, “ನಾನು ಯಾವ ಕಛೇರಿಯವನೂ ಅಲ್ಲ. ಗೇಮ್ ಮಾಡ್ತೀನಿ. ಅತ್ತೆ ಕೋಣೆ ಅವರಿಗೆ ವಾಪಸು ಕೊಡಿ” ಎಂದ.

ಮೇಷ್ಟ್ರು ಮೆಲ್ಲಗೆ ಚಪ್ಪಾಳೆ ತಟ್ಟಿದರು.

“ನೋಡಿ! ಇದು ಕರ್ತವ್ಯನಿಷ್ಠೆ. ಗುಟ್ಟಿನ ಕೆಲಸದಲ್ಲಿರೋರು ಹೀಗೇ ಹೇಳ್ಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇಂಥ ಶಿಸ್ತು ಇರ್ಲಿಲ್ಲ.”

“ಸಾರ್, ದೇವರಾಣೆ! ಬೇಕಾದ್ರೆ ತೋರಿಸ್ತೀನಿ!” ಸಂಸ್ಥಾಪಕ ಓಡಿಹೋಗಿ ಲ್ಯಾಪ್‌ಟಾಪ್ ತಂದು ನೀರಿನ ತೊಟ್ಟಿಯ ಮೇಲಿಟ್ಟು ಆಟ ತೆರೆದ. ಪರದೆಯ ಮೇಲೆ ಅವರದೇ ಕಟ್ಟಡ ಎದ್ದು ನಿಂತಿತು. ಅವರದೇ ಬಾಗಿಲುಗಳು, ಮೇಷ್ಟ್ರ ಛತ್ರಿ ಕೂಡ. ಜನ ಬಾಗಿ ನೋಡಿದರು. ಆತುರದಲ್ಲಿ ಸಂಸ್ಥಾಪಕ ಯಾವುದೋ ಗುಂಡಿ ಒತ್ತಿದ. ಮೆಟ್ಟಿಲ ಕೆಳಗಿನಿಂದ ಒಂದು ಬಿರುಕು ಹೊರಟು, ಗೋಡೆ ಏರಿ, ಮೂರು ಮಹಡಿಯೂ ಮಡಚಿಕೊಂಡು ಕುಸಿದವು. ಎರಡು ವಾರ ಬೇಕೆಂದಿದ್ದ ಧೂಳು ಆಗಲೇ ಬಹಳ ಚೆನ್ನಾಗಿ ಎದ್ದಿತು.

“ಅಯ್ಯಯ್ಯೋ! ಹೇಗೆ ಬೀಳ್ಸೋದು ಅಂತಾನೂ ನಿಶ್ಚಯ ಆಗಿಹೋಗಿದೆ!” ಎಂದು ಎದುರುಮನೆಯಾಕೆ ತಲೆ ಮೇಲೆ ಕೈಯಿಟ್ಟುಕೊಂಡರು.

ಸತ್ಯವನ್ನು ಚಿತ್ರಸಮೇತ ಹೇಳಿದ್ದರಿಂದ ಸುಳ್ಳು ಗಟ್ಟಿಯಾಯಿತು. ಅಮ್ಮ ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಮ್ಮೆಯಿಂದಲೋ, ಅರ್ಥವಾಯಿತೆಂದೋ, ಅವನು ಕೇಳಲಿಲ್ಲ.

ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೇಷ್ಟ್ರು ನಗರ ಕಛೇರಿಗೆ ಒಂಬತ್ತು ಪುಟದ ಮನವಿ ಬರೆದರು: ಕಟ್ಟಡ ಬೀಳಿಸುವ ಯೋಜನೆ ಕೈಬಿಡಬೇಕು, ಬಿರುಕು ಮುಚ್ಚಿದೆ, ಮೆಟ್ಟಿಲು ಸರಿಪಡಿಸಿದೆ, ನಕ್ಷೆಯಲ್ಲಿಲ್ಲದ ಕೋಣೆಯನ್ನು ಈಗಾಗಲೇ ಖಾಲಿ ಮಾಡಿಸಿದೆ. ಏಳು ಮನೆಯವರೂ ಸಹಿ ಹಾಕಿದರು. ಕಛೇರಿಯಲ್ಲಿ ಅಂಥ ಯೋಜನೆಯೇ ಇರಲಿಲ್ಲ. ಆದರೆ ಮನವಿ ಬಂದಮೇಲೆ ಕಡತ ಹುಟ್ಟಿತು. ಕಡತ ಹುಟ್ಟಿದ ಮೇಲೆ ಅದನ್ನು ಹೊತ್ತುಕೊಂಡು ಹದಿನೈದನೇ ದಿನ ಒಬ್ಬ ನಿಜವಾದ ಮನುಷ್ಯ ಬಂದ.

ಆತ ಮೊದಲು ಸಂಸ್ಥಾಪಕನ ಚೀಟಿಯನ್ನು ಹಿಡಿದು ಓದಿದ. ಹಿಂದೆ ಮುಂದೆ ತಿರುಗಿಸಿದ. “ಇದು ನಮ್ಮ ಕಛೇರಿದಲ್ಲ” ಎಂದ. ಏಳು ಮನೆಯ ಜನರೂ ಒಟ್ಟಿಗೆ ಉಸಿರೆಳೆದುಕೊಂಡರು. “ಆದ್ರೆ ಪಟ್ಟಿ ಎಲ್ಲಿ ಸಿಕ್ತು? ನಮ್ಮದಕ್ಕಿಂತ ಚೆನ್ನಾಗಿದೆ.”

“ಟೈಲರ್ ಅತ್ತೆ ಹೊಲ್ದಿದ್ದು. ಆ ಕೋಣೇಲಿದ್ರು” ಎಂದ ಸಂಸ್ಥಾಪಕ.

“ಹಾಗಾದ್ರೆ ವಾಪಸು ಬರ್ಲಿ ಬಿಡಿ” ಎಂದರು ಓನರ್, ಈಗ ಇದ್ದಕ್ಕಿದ್ದಂತೆ ದೊಡ್ಡ ಮನಸ್ಸಿನಿಂದ. “ನಾನೇನು ಬೇಕಂತ ಕಳಿಸಿದ್ದಾ?”

ಬಂದವನು ಕಡತದಲ್ಲಿ ಬರೆಯುತ್ತಲೇ ತಲೆಯಾಡಿಸಿದ. “ಆಗಲ್ಲ. ಈ ಕೋಣೆ ನಕ್ಷೇಲಿಲ್ಲ. ಇನ್ನು ಮೇಲೆ ಯಾರೂ ಇರೋ ಹಾಗಿಲ್ಲ.”

“ಇಪ್ಪತ್ತೆರಡು ವರ್ಷದಿಂದ ಇದ್ರಲ್ಲ ಸಾರ್!” ಎಂದ ಸಂಸ್ಥಾಪಕ.

“ಇಪ್ಪತ್ತೆರಡು ವರ್ಷ ನಮಗೆ ಗೊತ್ತೇ ಇರ್ಲಿಲ್ಲ. ಈಗ ನೀವೇ ಬರೆದು ತಿಳಿಸಿದೀರ. ಸಹಿ ಕೂಡ ಹಾಕಿದೀರ.” ಆತ ಕಡತ ಕಟ್ಟಿದ. “ಅಕ್ಷರ ಮಾತ್ರ ಬಹಳ ಚೆನ್ನಾಗಿದೆ.” ಮೇಷ್ಟ್ರು ಅಭ್ಯಾಸಬಲದಿಂದ “ಧನ್ಯವಾದ” ಎಂದುಬಿಟ್ಟರು.

ಆವತ್ತಿನಿಂದ ಸಂಸ್ಥಾಪಕನಿಗೆ ದಾರಿ ಬಿಡುವವರಿಲ್ಲವಾದರು. ಮೇಷ್ಟ್ರು “ಮೊದಲೇ ಹೇಳ್ಬಾರದೇನೋ?” ಎಂದರು. “ಹೇಳಿದ್ನಲ್ಲ ಸಾರ್” ಎಂದರೆ, “ಹೇಳೋ ಹೊತ್ತಿಗೆ ಹೇಳ್ಬೇಕು” ಎಂದರು. ಮೇಷ್ಟ್ರು ಮೂವತ್ತು ವರ್ಷ ಹೇಳಿದ ಎಲ್ಲ ಪಾಠಗಳಲ್ಲಿ ಇದೊಂದು ಸಂಸ್ಥಾಪಕನಿಗೆ ಸರಿಯಾಗಿ ತಲುಪಿತು.

ಆಟ ಮುಗಿದಿರಲಿಲ್ಲ. ಆದರೂ ಒಂದು ಭಾನುವಾರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎರಡು ಬಸ್ಸು ಬದಲಾಯಿಸಿ ಅತ್ತೆ ಈಗ ಇದ್ದ ಅವರ ತಂಗಿಮಗಳ ಮನೆಗೆ ಹೋದ. ಹೊಲಿಗೆ ಯಂತ್ರ ಬಾಲ್ಕನಿಯಲ್ಲಿತ್ತು, ಮೇಲೆ ಹಳೇ ಹೊದಿಕೆ, ಹೊದಿಕೆಯ ಮೇಲೆ ಎರಡು ಹೂಕುಂಡ.

“ಸದ್ದಾಗುತ್ತೆ ಅಂತ” ಎಂದರು ಅತ್ತೆ. “ಮಗು ಮಲಗುತ್ತೆ ನೋಡು. ಗುಂಡಿ ಗಿಂಡಿ ಇದ್ರೆ ಕೈಯಲ್ಲೇ ಹಾಕ್ತೀನಿ.”

“ಅತ್ತೆ, ಅವತ್ತು ನಾನು…”

“ತಂದಿದೀಯಾ? ತೋರ್ಸು.”

ಅವನು ತೆರೆದ. ಯಾವ ಗುಂಡಿ ಒತ್ತಿದರೆ ನಡೆಯುತ್ತದೆ ಎಂದು ತೋರಿಸಿದ. ಅತ್ತೆ ಕನ್ನಡಕ ಏರಿಸಿಕೊಂಡು, ಸೂಜಿಗೆ ದಾರ ಪೋಣಿಸುವ ಏಕಾಗ್ರತೆಯಲ್ಲಿ, ಬೀದಿಯಿಂದ ಕಟ್ಟಡದೊಳಗೆ ನಡೆದರು. ಎರಡು ಸಲ ಗೋಡೆಗೆ ಡಿಕ್ಕಿ ಹೊಡೆದರು.

“ಈ ಕಲೆ ನಾನು ಯಂತ್ರದ ಎಣ್ಣೆ ಚೆಲ್ಲಿದ್ದು ಕಣೋ!”

“ಈಗ ಬಣ್ಣ ಹೊಡೆದಿದಾರೆ ಅತ್ತೆ. ಇಲ್ಲಿ ಮಾತ್ರ ಇದೆ.”

ಬಾಗಿಲು ಬಂತು. ತಟ್ಟಿದರು. ಅದು ಗೊಣಗಿ, ತಡೆದು, ಪ್ರಶ್ನೆ ಕೇಳಿತು. “ದೊಡ್ಡಮ್ಮ, ಯಾರದು ಬಾಗಿಲಲ್ಲಿ?” ಎಂದು ಒಳಗಿನಿಂದ ತಂಗಿಮಗಳು ಕೂಗಿದಳು.

“ಯಾರೂ ಇಲ್ಲ. ನಾನೇ” ಎಂದರು ಅತ್ತೆ.

ಬಾಗಿಲ ಹಿಂದೆ ಬೂದು ಬಣ್ಣದ ಒಂದು ಆಕೃತಿ ಕುಳಿತಿತ್ತು. ಅತ್ತೆ ಬಹಳ ಹೊತ್ತು ನೋಡಿದರು. “ಇದು ನಾನಾ? ಮೊಣಕಾಲು ಯಾಕೆ ಹೀಗಿದೆ?”

“ಇನ್ನೂ ಮುಗಿದಿಲ್ಲ ಅತ್ತೆ. ಈಗ ಈ ಗುಂಡಿ ಒತ್ತಿ. ಅವರು ಹೊರಗೆ ಬರ್ತಾರೆ. ಆಮೇಲೆ ಮೇಲಿನ ಮನೆಗಳು.”

ಅತ್ತೆಯ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಹಿಂದಕ್ಕೆ ಬಂತು.

“ಇವಳು ಇಲ್ಲೇ ಇರ್ಲಿ ಬಿಡು.”

“ಕಟ್ಟಡ ಬೀಳುತ್ತೆ ಅತ್ತೆ.”

“ಬೀಳ್ಸೋನು ಯಾರು?”

“ನಾನೇ.”

“ಮತ್ತೆ ಬೀಳ್ಸಬೇಡ.”

ಅತ್ತೆ ಬಾಗಿಲನ್ನು ಇನ್ನೆರಡು ಸಲ ತೆಗೆದು ಹಾಕಿ, ಮಗು ಎದ್ದಿತು ಎಂದು ಒಳಗೆ ಹೋದರು.

ಮಾರ್ಚ್ ಹೋಗಿ ಜೂನ್ ಬಂದಮೇಲೆ ಆಟ ಬಿಡುಗಡೆಯಾಯಿತು. ಬಿರುಕನ್ನೂ ಧೂಳನ್ನೂ ತೆಗೆದುಹಾಕಿದ್ದ. ಆಟದ ವಿವರಣೆಯಲ್ಲಿ ‘ಬೀಳಲಿರುವ ಕಟ್ಟಡ’ ಎಂಬ ಸಾಲು ಮಾತ್ರ ಹಾಗೇ ಉಳಿದಿತ್ತು. ಬಾಗಿಲು ತಟ್ಟಬಹುದು, ಒಳಗಿದ್ದವರನ್ನು ನೋಡಬಹುದು, ಮುಂದೆ ಹೋಗಬಹುದು. ಅಷ್ಟೇ. ನಲವತ್ತಮೂರು ಜನ ಆಡಿದರು. ಒಬ್ಬ ಮಾತ್ರ ಬರೆದ: “ಬಾಗಿಲ ಸದ್ದು ತುಂಬಾ ಚೆನ್ನಾಗಿದೆ. ಆದರೆ ಇಡೀ ದಿನ ಸುತ್ತಿದೆ. ಈ ಕಟ್ಟಡ ಬೀಳೋದು ಯಾವಾಗ?”

ಸಂಸ್ಥಾಪಕ ಉತ್ತರ ಬರೆಯಲು ಕುಳಿತ. ಏನೋ ಬರೆದು ಅಳಿಸಿದ. ಎದ್ದು ಕೆಳಗಿಳಿದ. ಮೆಟ್ಟಿಲ ಕೆಳಗಿನ ಬಾಗಿಲಿಗೆ ಓನರ್ ಎಣ್ಣೆ ಬಿಡಿಸಿ ತಿಂಗಳುಗಳಾಗಿದ್ದವು. ತಳ್ಳಿದರೆ ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಒಂದು ಏಣಿ, ಉಳಿದ ಬಣ್ಣದ ಡಬ್ಬಿಗಳು. ಅವನು ಬಾಗಿಲನ್ನು ಎಳೆದುಕೊಂಡ. ಇನ್ನೊಂದು ಸಲ, ಈ ಸಲ ನಿಧಾನಕ್ಕೆ, ತಳ್ಳಿ ನೋಡಿದ.